ನಮ್ಮ ಕಣಿವೆಯ ಮುತ್ಸದ್ದಿ ಸರ್ ಪಿ. ಟಿ. ರಾಜನ್

ಪಶ್ಚಿಮ ಘಟ್ಟಗಳ ಮಡಿಲಲ್ಲಿ ಹಸಿರು ಹಾಸಿದಂತೆ ಮಲಗಿರುವ ಕಂಬಂ ಕಣಿವೆಯು ಭತ್ತ, ಬಾಳೆ, ತೆಂಗು ಮತ್ತು ದ್ರಾಕ್ಷಿಗಳಿಗೆ ಹೆಸರಾದ ಸೀಮೆ. ಕಾಮಯಗೌಂಡನ್‌ಪಟ್ಟಿ, ಕಂಬಂ ಮೊದಲಾದ ಊರುಗಳಲ್ಲಿ ಎಷ್ಟೋ ತಲೆಮಾರುಗಳಿಂದ ನೆಲೆಸಿ, ಹೊರಗೆ ತಮಿಳನ್ನೂ ಮನೆಯೊಳಗೆ ಕನ್ನಡವನ್ನೂ ಆಡುತ್ತ ಬಂದಿರುವ ಒಕ್ಕಲಿಗ ಕುಟುಂಬಗಳಿಗೆ ಇದೇ ತಾಯಿನೆಲ. ಕಂಬಂನ ನಂದಗೋಪಾಲಸ್ವಾಮಿಯ ಸನ್ನಿಧಿಯಲ್ಲಿ ತಂಬಿರಾನ್ ದನಗಳನ್ನು ದೇವರ ಸ್ವತ್ತೆಂದು ಸಾಕಿ ಪೂಜಿಸುವ ಸಂಪ್ರದಾಯವನ್ನು ಈ ಜನ ಇಂದಿಗೂ ಬಿಟ್ಟಿಲ್ಲ. ಇಂತಹ ನಮ್ಮ ಕಣಿವೆಯಲ್ಲಿ ಹುಟ್ಟಿ ಮದರಾಸು ಪ್ರಾಂತ್ಯದ ಮುಖ್ಯಮಂತ್ರಿಯ ಸ್ಥಾನವನ್ನು ಅಲಂಕರಿಸಿದ ಮಹನೀಯರೊಬ್ಬರಿದ್ದರು. ಅವರೇ ಉತ್ತಮಪಾಳ್ಯದ ಸರ್ ಪೊನ್ನಂಬಲ ತ್ಯಾಗರಾಜನ್. ಲೋಕವು ಅವರನ್ನು ಪಿ. ಟಿ. ರಾಜನ್ ಎಂದೇ ಬಲ್ಲದು.

ಇಂದಿನ ತರುಣರಿಗೆ ಈ ಹೆಸರು ಒಂದು ಕಾಲುವೆಯ ಹೆಸರಾಗಿ, ಮಧುರೆಯ ಒಂದು ರಸ್ತೆಯ ಹೆಸರಾಗಿ ಮಾತ್ರ ಪರಿಚಿತ. ಹಿರಿಯರಲ್ಲಿ ಕೆಲವರಿಗೆ ಅವರು ದೇವಾಲಯಗಳ ಜೀರ್ಣೋದ್ಧಾರಕರಾಗಿ ನೆನಪಿದ್ದಾರೆ. ಆದರೆ ಅವರ ರಾಜಕೀಯ ಜೀವನದ ಕಥೆಯನ್ನು ಆದಿಯಿಂದ ಅಂತ್ಯದವರೆಗೆ ಬಲ್ಲವರು ವಿರಳ. ಒಂದು ಕಾಲಕ್ಕೆ ಇಡೀ ಪ್ರಾಂತ್ಯವನ್ನಾಳಿದ ಪಕ್ಷವು ಕೊನೆಗೆ ಶಾಸನಸಭೆಯಲ್ಲಿ ಒಬ್ಬನೇ ಸದಸ್ಯನನ್ನುಳ್ಳ ಪಕ್ಷವಾಯಿತು. ಆ ಒಬ್ಬ ಸದಸ್ಯರು ನಮ್ಮ ಕಂಬಂ ಕ್ಷೇತ್ರದಿಂದಲೇ ಆರಿಸಿ ಹೋದವರು. ಉಚ್ಛ್ರಾಯವನ್ನೂ ಅವನತಿಯನ್ನೂ ಒಂದೇ ಜೀವಮಾನದಲ್ಲಿ ಕಂಡ ಈ ಹಿರಿಯರ ಬಾಳನ್ನು ನಮ್ಮ ಶಾಲೆಯ ಸುವರ್ಣ ಮಹೋತ್ಸವದ ಈ ಸಂದರ್ಭದಲ್ಲಿ ಸ್ಮರಿಸುವುದು ಉಚಿತವೆಂದು ಭಾವಿಸಿ ಈ ಲೇಖನವನ್ನು ಬರೆದಿದ್ದೇನೆ.

ಜನನ ಮತ್ತು ವಿದ್ಯಾಭ್ಯಾಸ

ರಾಜನ್‌ರವರು 1892ನೆಯ ಇಸವಿ ಏಪ್ರಿಲ್ 22ರಂದು ಉತ್ತಮಪಾಳ್ಯದ ಶ್ರೀಮಂತ ಭೂಮಾಲೀಕರ ಮನೆತನದಲ್ಲಿ ಜನಿಸಿದರು. ತೊಂಡೈಮಂಡಲದ ಶೈವ ವೆಳ್ಳಾಳ ಮೊದಲಿಯಾರರ ವಂಶ ಅವರದು. ಆಗ ಈ ಸೀಮೆಯೆಲ್ಲ ಮಧುರೆ ಜಿಲ್ಲೆಗೆ ಸೇರಿತ್ತು. ಥೇಣಿ ಎಂಬ ಪ್ರತ್ಯೇಕ ಜಿಲ್ಲೆ ರೂಪುಗೊಂಡದ್ದು ಬಹಳ ಕಾಲದ ಮೇಲೆ, 1996ರಲ್ಲಿ.

ಅವರು ಹುಟ್ಟಿದ ಕಾಲ ನಮ್ಮ ಕಣಿವೆಯ ಇತಿಹಾಸದಲ್ಲಿ ಬಹು ಮುಖ್ಯವಾದುದು. ಕರ್ನಲ್ ಪೆನ್ನಿಕ್ವಿಕ್ ಅವರ ನೇತೃತ್ವದಲ್ಲಿ ಪೆರಿಯಾರ್ ನದಿಗೆ ಅಣೆಕಟ್ಟು ಕಟ್ಟುವ ಕೆಲಸವು 1887ರಲ್ಲಿ ಆರಂಭವಾಗಿ ಆಗ ಭರದಿಂದ ಸಾಗುತ್ತಿತ್ತು. ಪಡುವಣ ಕಡಲಿಗೆ ಹರಿದುಹೋಗುತ್ತಿದ್ದ ನೀರನ್ನು ಬೆಟ್ಟ ಕೊರೆದು ಸುರಂಗದ ಮೂಲಕ ಮೂಡಣಕ್ಕೆ ತಿರುಗಿಸುವ ಸಾಹಸವದು. 1895ರಲ್ಲಿ ಅಣೆಕಟ್ಟು ಮುಗಿದು ನೀರು ಕಣಿವೆಗೆ ಇಳಿದಾಗ ರಾಜನ್ ಮೂರು ವರ್ಷದ ಶಿಶು. ಮಳೆಯನ್ನೇ ನಂಬಿದ್ದ ಹೊಲಗಳು ಗದ್ದೆಗಳಾಗುತ್ತಿದ್ದ, ಒಂದು ಬೆಳೆಯ ನೆಲ ಎರಡು ಬೆಳೆ ಕೊಡತೊಡಗಿದ ದಿನಗಳಲ್ಲಿ ಅವರ ಬಾಲ್ಯ ಕಳೆಯಿತು.

ಅಂದಿನ ದಿನಗಳಲ್ಲಿ ಕಣಿವೆಯ ಮಕ್ಕಳಿಗೆ ಪ್ರೌಢಶಾಲೆಯ ವಿದ್ಯೆಯೇ ದುರ್ಲಭವಾಗಿತ್ತು. ರಾಜನ್‌ರವರಿಗಾದರೋ ಮನೆತನದ ಅನುಕೂಲದಿಂದ ಇಂಗ್ಲೆಂಡಿನಲ್ಲಿ ಓದುವ ಯೋಗ ಒದಗಿತು. ಕೇಂಬ್ರಿಜ್ ನಗರದ ಲೇಸ್ ಶಾಲೆಯಲ್ಲಿ ಓದಿ, ಆಮೇಲೆ ಆಕ್ಸ್‌ಫರ್ಡಿನ ಜೀಸಸ್ ಕಾಲೇಜನ್ನು ಸೇರಿ ಇತಿಹಾಸ ಮತ್ತು ನ್ಯಾಯಶಾಸ್ತ್ರಗಳಲ್ಲಿ ಪದವೀಧರರಾದರು. ಸ್ವದೇಶಕ್ಕೆ ಮರಳಿ ಕೆಲಕಾಲ ವಕೀಲಿ ವೃತ್ತಿಯನ್ನು ಕೈಗೊಂಡರು. ಆದರೆ ದೇಶದಲ್ಲಿ ಆಗ ಬೀಸುತ್ತಿದ್ದ ಹೊಸ ರಾಜಕೀಯದ ಗಾಳಿ ಅವರನ್ನು ಬಹುಬೇಗ ಸಾರ್ವಜನಿಕ ಜೀವನಕ್ಕೆ ಸೆಳೆಯಿತು.

ಜಸ್ಟಿಸ್ ಪಕ್ಷದ ಸೇರ್ಪಡೆ

ಮದರಾಸು ಪ್ರಾಂತ್ಯದಲ್ಲಿ ಸರ್ಕಾರಿ ನೌಕರಿಗಳೂ ಉನ್ನತ ವಿದ್ಯೆಯೂ ಬಹುಮಟ್ಟಿಗೆ ಒಂದೇ ವರ್ಗದವರ ಕೈಯಲ್ಲಿವೆ, ಉಳಿದ ಸಮುದಾಯಗಳಿಗೂ ಅವುಗಳಲ್ಲಿ ನ್ಯಾಯವಾದ ಪಾಲು ದೊರೆಯಬೇಕು ಎಂಬ ಬೇಡಿಕೆಯನ್ನು ಮುಂದಿಟ್ಟುಕೊಂಡು 1916ರಲ್ಲಿ ಒಂದು ಸಂಘಟನೆ ಜನ್ಮತಾಳಿತು. ಡಾ. ಸಿ. ನಟೇಶ ಮೊದಲಿಯಾರ್, ಡಾ. ಟಿ. ಎಂ. ನಾಯರ್ ಮತ್ತು ಪಿ. ತ್ಯಾಗರಾಯ ಚೆಟ್ಟಿ ಅದರ ಮೂಲಪುರುಷರು. ದಕ್ಷಿಣ ಭಾರತ ಉದಾರವಾದಿ ಒಕ್ಕೂಟ ಎಂಬುದು ಅದರ ವಿಧ್ಯುಕ್ತ ಹೆಸರಾದರೂ, ಅದು ಹೊರಡಿಸುತ್ತಿದ್ದ ಜಸ್ಟಿಸ್ ಎಂಬ ಇಂಗ್ಲಿಷ್ ದಿನಪತ್ರಿಕೆಯಿಂದಾಗಿ ಜಸ್ಟಿಸ್ ಪಕ್ಷ ಎಂದೇ ಖ್ಯಾತವಾಯಿತು. ತಕ್ಕಡಿಯು ಅದರ ಲಾಂಛನ.

ಈ ಚಳವಳಿಯ ಅಲೆ ಕನ್ನಡನಾಡನ್ನೂ ಮುಟ್ಟಿತೆಂಬುದನ್ನು ನಮ್ಮ ಓದುಗರು ಗಮನಿಸಬೇಕು. ಮೈಸೂರು ಸಂಸ್ಥಾನದಲ್ಲಿ 1917ರಲ್ಲಿ ಪ್ರಜಾಮಿತ್ರ ಮಂಡಳಿ ಸ್ಥಾಪನೆಯಾಯಿತು. ಮರುವರ್ಷವೇ ನಾಲ್ವಡಿ ಕೃಷ್ಣರಾಜ ಒಡೆಯರು ಹಿಂದುಳಿದ ವರ್ಗಗಳ ಪ್ರಾತಿನಿಧ್ಯವನ್ನು ಪರಿಶೀಲಿಸಲು ಮಿಲ್ಲರ್ ಸಮಿತಿಯನ್ನು ನೇಮಿಸಿದರು. ಒಕ್ಕಲುತನವನ್ನೇ ನಂಬಿದ್ದ ಸಮುದಾಯಗಳ ಮಕ್ಕಳು ಶಾಲೆಯ ಮೆಟ್ಟಿಲು ಹತ್ತಿ ಕಚೇರಿಯ ಕುರ್ಚಿಯವರೆಗೆ ಬರುವುದಕ್ಕೆ ಇಂತಹ ಪ್ರಯತ್ನಗಳೇ ದಾರಿ ಮಾಡಿಕೊಟ್ಟವು.

1919ರ ಸುಧಾರಣೆಯ ಮೇರೆಗೆ 1920ರಲ್ಲಿ ಮದರಾಸು ಶಾಸನ ಪರಿಷತ್ತಿಗೆ ಮೊದಲ ಚುನಾವಣೆ ನಡೆಯಿತು. ಆಸ್ತಿ ಮತ್ತು ತೆರಿಗೆಯ ಆಧಾರದ ಮೇಲೆ ಮತದಾನದ ಹಕ್ಕು ಇದ್ದುದರಿಂದ ಇಡೀ ಪ್ರಾಂತ್ಯದಲ್ಲಿ ಮತದಾರರಿದ್ದುದು ಸುಮಾರು ಹನ್ನೆರಡು ಲಕ್ಷ ಮಾತ್ರ. ಕಾಂಗ್ರೆಸ್ಸು ಚುನಾವಣೆಯನ್ನು ಬಹಿಷ್ಕರಿಸಿತು. ಚುನಾಯಿತ 98 ಸ್ಥಾನಗಳಲ್ಲಿ 63ನ್ನು ಗೆದ್ದ ಜಸ್ಟಿಸ್ ಪಕ್ಷವು ಸರ್ಕಾರ ರಚಿಸಿತು. ಆ ಪರಿಷತ್ತಿಗೆ ಆರಿಸಿ ಬಂದವರಲ್ಲಿ ಇಪ್ಪತ್ತೆಂಟು ವರ್ಷದ ತರುಣ ರಾಜನ್ ಒಬ್ಬರು. ಅಂದಿನಿಂದ 1937ರವರೆಗೆ ಅವರು ಪರಿಷತ್ತಿನ ಸದಸ್ಯರಾಗಿಯೇ ಇದ್ದರು. ಪಾನಗಲ್ ರಾಜರ ಆಡಳಿತದಲ್ಲಿ ನೌಕರಿಗಳಲ್ಲಿ ವಿವಿಧ ಕೋಮುಗಳಿಗೆ ಪಾಲು ನಿಗದಿಪಡಿಸುವ ಆಜ್ಞೆಗಳೂ ದೇವಸ್ಥಾನಗಳ ಆಡಳಿತವನ್ನು ಸರ್ಕಾರದ ಮೇಲ್ವಿಚಾರಣೆಗೆ ಒಳಪಡಿಸುವ ಕಾಯಿದೆಯೂ ಬಂದವು. 1921ರಲ್ಲಿ ಆಸ್ತಿಯ ಅರ್ಹತೆಯುಳ್ಳ ಸ್ತ್ರೀಯರಿಗೆ ಮತದ ಹಕ್ಕನ್ನು ಕೊಟ್ಟುದೂ ಇದೇ ಪರಿಷತ್ತು. 1926ರಲ್ಲಿ ಪಕ್ಷ ಅಧಿಕಾರ ಕಳೆದುಕೊಂಡಾಗಲೂ ರಾಜನ್ ಅದನ್ನು ಬಿಡಲಿಲ್ಲ.

ಮಂತ್ರಿಪದವಿ

1930ರ ಚುನಾವಣೆಯ ಅನಂತರ ಜಸ್ಟಿಸ್ ಪಕ್ಷ ಮತ್ತೆ ಅಧಿಕಾರಕ್ಕೆ ಬಂದಿತು. ಬಿ. ಮುನಿಸ್ವಾಮಿ ನಾಯ್ಡು ಅವರು ಮುಖ್ಯಮಂತ್ರಿಗಳಾದರು. ಪಿ. ಟಿ. ರಾಜನ್ ಮತ್ತು ಎಸ್. ಕುಮಾರಸ್ವಾಮಿ ರೆಡ್ಡಿಯಾರ್ ಅವರ ಸಹೋದ್ಯೋಗಿಗಳಾದರು. ಅಭಿವೃದ್ಧಿ ಖಾತೆ ರಾಜನ್‌ರವರ ಪಾಲಿಗೆ ಬಂದಿತು.

ಅಂದಿನ ಮಂತ್ರಿಗಳ ಅಧಿಕಾರದ ಮಿತಿಯನ್ನು ಇಲ್ಲಿ ತಿಳಿಸುವುದು ಅಗತ್ಯ. ದ್ವಿಸರ್ಕಾರ ಪದ್ಧತಿಯಲ್ಲಿ ಆಡಳಿತದ ವಿಷಯಗಳನ್ನು ಎರಡು ಭಾಗ ಮಾಡಲಾಗಿತ್ತು. ಹಣಕಾಸು, ಕಂದಾಯ, ಪೊಲೀಸು, ನೀರಾವರಿಗಳು ಗವರ್ನರರ ಮತ್ತು ಅವರ ಕಾರ್ಯಾಂಗ ಮಂಡಳಿಯ ಕೈಯಲ್ಲಿದ್ದ ಮೀಸಲು ವಿಷಯಗಳು. ಶಿಕ್ಷಣ, ಆರೋಗ್ಯ, ವ್ಯವಸಾಯ, ಸಹಕಾರ, ಕೈಗಾರಿಕೆಗಳು ಮಂತ್ರಿಗಳಿಗೆ ವರ್ಗಾಯಿಸಿದ ವಿಷಯಗಳು. ಹೀಗಾಗಿ ವ್ಯವಸಾಯದ ಮಂತ್ರಿಗೆ ನೀರಿನ ಮೇಲೆ ಅಧಿಕಾರವಿರಲಿಲ್ಲ, ಕೈಗಾರಿಕೆಯ ಮಂತ್ರಿಗೆ ಬೊಕ್ಕಸದ ಬೀಗದ ಕೈ ಸಿಗುತ್ತಿರಲಿಲ್ಲ. 1934ರಲ್ಲಿ ಮೆಟ್ಟೂರು ಅಣೆಕಟ್ಟು ಉದ್ಘಾಟನೆಯಾದದ್ದು ಈ ಮಂತ್ರಿಮಂಡಲದ ಕಾಲದಲ್ಲೇ ಆದರೂ, ಆ ಕೀರ್ತಿಯನ್ನು ಮಂತ್ರಿಗಳ ತಲೆಗೆ ಕಟ್ಟುವುದು ಇತಿಹಾಸಕ್ಕೆ ಸಲ್ಲದು.

ಇಷ್ಟಾದರೂ ಸಹಕಾರ ಕ್ಷೇತ್ರದಲ್ಲಿ ಆ ವರ್ಷಗಳಲ್ಲಿ ನಡೆದ ಕೆಲಸಗಳು ಗಣನೀಯ. 1932ರಲ್ಲಿ ಮದರಾಸು ಸಹಕಾರ ಸಂಘಗಳ ಕಾಯಿದೆ ಜಾರಿಗೆ ಬಂದಿತು. 1934ರಲ್ಲಿ ಭೂ ಅಡಮಾನ ಬ್ಯಾಂಕುಗಳ ಕಾಯಿದೆ ಆಯಿತು. ಆಗ ಜಗತ್ತಿನಾದ್ಯಂತ ಆರ್ಥಿಕ ಮುಗ್ಗಟ್ಟು. ದವಸಧಾನ್ಯದ ಬೆಲೆ ಕುಸಿದು, ಕಂದಾಯವೂ ಸಾಲದ ಬಡ್ಡಿಯೂ ಮಾತ್ರ ಇದ್ದಂತೆಯೇ ಇದ್ದು, ರೈತರು ಸಾಹುಕಾರರ ಬಾಗಿಲಲ್ಲಿ ಕೈಕಟ್ಟಿ ನಿಲ್ಲುವಂತಾಗಿತ್ತು. ಜಮೀನನ್ನು ಸಾಹುಕಾರನಿಗೆ ಬರೆದುಕೊಡದೆ, ದೀರ್ಘಾವಧಿಯ ಸಾಲವನ್ನು ಕಡಿಮೆ ಬಡ್ಡಿಗೆ ಪಡೆಯುವ ಮಾರ್ಗವನ್ನು ಭೂ ಅಡಮಾನ ಬ್ಯಾಂಕುಗಳು ತೋರಿಸಿದವು. 1935ರಲ್ಲಿ ಕೈಮಗ್ಗದ ನೇಕಾರರಿಗಾಗಿ ಪ್ರಾಂತ್ಯ ಮಟ್ಟದ ಸಹಕಾರ ಸಂಘವೊಂದು ಸ್ಥಾಪನೆಯಾಯಿತು. ಮುಂದೆ ಕೋ-ಆಪ್ಟೆಕ್ಸ್ ಎಂಬ ಹೆಸರಿನಿಂದ ಊರೂರಿನಲ್ಲೂ ಅಂಗಡಿ ತೆರೆದದ್ದು ಇದೇ ಸಂಘ. ದೀಪಾವಳಿಗೆ ಅಲ್ಲಿ ಸೀರೆ, ಪಂಚೆ ಕೊಳ್ಳದ ಮನೆ ನಮ್ಮಲ್ಲಿ ಅಪರೂಪ.

ಗುಣವನ್ನು ಹೇಳಿದಂತೆ ದೋಷವನ್ನೂ ಹೇಳದಿದ್ದರೆ ಜೀವನಚರಿತ್ರೆ ಹೊಗಳಿಕೆಯ ಪತ್ರವಾದೀತು. 1932ರಲ್ಲಿ ಪಕ್ಷದೊಳಗಿನ ಜಮೀನುದಾರರ ಗುಂಪು ಮುನಿಸ್ವಾಮಿ ನಾಯ್ಡು ಅವರ ವಿರುದ್ಧ ತಿರುಗಿಬಿದ್ದಿತು. ನಾಯ್ಡು ಅವರು ಜಮೀನುದಾರರಾಗಿರದೆ ಸಾಮಾನ್ಯ ಮನೆತನದಿಂದ ಬಂದವರು. ಆ ಸಂದರ್ಭದಲ್ಲಿ ರಾಜನ್ ಮತ್ತು ಕುಮಾರಸ್ವಾಮಿ ರೆಡ್ಡಿಯಾರ್ ಇಬ್ಬರೂ ರಾಜೀನಾಮೆ ಕೊಟ್ಟು ತಮ್ಮ ನಾಯಕರ ಪತನಕ್ಕೆ ಕಾರಣರಾದರು. 1932ರ ನವೆಂಬರಿನಲ್ಲಿ ಬೊಬ್ಬಿಲಿಯ ರಾಜರು ಮುಖ್ಯಮಂತ್ರಿಗಳಾದರು. ರಾಜನ್ ಅವರ ಮಂತ್ರಿಮಂಡಲದಲ್ಲಿ ಮುಂದುವರಿದರು. ಮುಂದೆ ಪಕ್ಷನಿಷ್ಠೆಗೆ ಮಾದರಿಯಾದ ಇವರು ಅಂದು ನಾಯಕನಿಷ್ಠೆಯಲ್ಲಿ ಹಿಂದೆಬಿದ್ದರೆಂದು ಹೇಳದೆ ವಿಧಿಯಿಲ್ಲ. ಪಕ್ಷವು ಅರಮನೆಗಳವರ ಸ್ವತ್ತಾಯಿತು ಎಂಬ ಭಾವನೆ ಜನರಲ್ಲಿ ಬೇರೂರಿದ್ದೂ ಅಂದಿನಿಂದಲೇ. ಆರ್ಥಿಕ ಮುಗ್ಗಟ್ಟಿನ ಆ ದಿನಗಳಲ್ಲಿ ಮಂತ್ರಿಯೊಬ್ಬರ ತಿಂಗಳ ಸಂಬಳ 4,333 ರೂಪಾಯಿಗಳಿದ್ದುದು ಆ ಭಾವನೆಗೆ ಇನ್ನಷ್ಟು ಪುಷ್ಟಿಯನ್ನು ಕೊಟ್ಟಿತು. 1937ರಲ್ಲಿ ಬಂದ ಕಾಂಗ್ರೆಸ್ ಮಂತ್ರಿಗಳು 500 ರೂಪಾಯಿಗಳ ಸಂಬಳವನ್ನು ಪಡೆದರೆಂಬುದನ್ನು ಇದರೊಡನೆ ಹೋಲಿಸಿ ನೋಡಬಹುದು.

ಐದು ತಿಂಗಳ ಮುಖ್ಯಮಂತ್ರಿ

1936ರಲ್ಲಿ ಬೊಬ್ಬಿಲಿಯ ರಾಜರು ರಜೆಯ ಮೇಲೆ ಯೂರೋಪಿಗೆ ತೆರಳಿದಾಗ, ಏಪ್ರಿಲ್ 4ರಂದು ರಾಜನ್‌ರವರು ಮುಖ್ಯಮಂತ್ರಿಯ ಸ್ಥಾನವನ್ನು ವಹಿಸಿಕೊಂಡರು. ಅದಕ್ಕೆ ಮೂರು ದಿನ ಮೊದಲಷ್ಟೇ ಗಂಜಾಂ ಸೀಮೆಯ ಬಹುಭಾಗ ಹೊಸ ಒರಿಸ್ಸಾ ಪ್ರಾಂತ್ಯಕ್ಕೆ ಸೇರಿಹೋಗಿತ್ತು. ಉಳಿದ ಪ್ರಾಂತ್ಯವೇನೂ ಚಿಕ್ಕದಲ್ಲ. ವಿಶಾಖಪಟ್ಟಣದಿಂದ ತಿರುನೆಲ್ವೇಲಿಯವರೆಗೆ, ಮಲಬಾರಿನಿಂದ ಮದರಾಸಿನವರೆಗೆ ಹರಡಿದ್ದ ನಾಡು. ನಮ್ಮ ಕನ್ನಡದ ಮಂಗಳೂರು, ಕಾಸರಗೋಡು, ಉಡುಪಿ, ಬಳ್ಳಾರಿ, ಕೊಳ್ಳೇಗಾಲಗಳೂ ಅದರಲ್ಲಿದ್ದವು. ತಮಿಳು, ತೆಲುಗು, ಮಲಯಾಳ, ಕನ್ನಡ, ತುಳು ನುಡಿಗಳ ಜನರೆಲ್ಲರ ಸರ್ಕಾರಕ್ಕೆ ನಮ್ಮ ಕಣಿವೆಯ ಒಬ್ಬರು ಮುಖ್ಯಸ್ಥರಾದರೆಂಬುದು ಹೆಮ್ಮೆಯ ಸಂಗತಿ.

ಆಗಸ್ಟ್ 24ರಂದು ಬೊಬ್ಬಿಲಿಯ ರಾಜರು ಹಿಂತಿರುಗಿ ಅಧಿಕಾರವನ್ನು ವಹಿಸಿಕೊಂಡರು. ಐದು ತಿಂಗಳೂ ಪೂರ್ತಿಯಾಗದ ಈ ಅವಧಿಯಲ್ಲಿ ದೊಡ್ಡ ಕಾಯಿದೆ ಕಾನೂನುಗಳನ್ನು ನಿರೀಕ್ಷಿಸುವುದು ಸರಿಯಲ್ಲ. ಕೈಗೆ ಬಂದ ಅಧಿಕಾರವನ್ನು ನ್ಯಾಸದಂತೆ ಕಾಪಾಡಿ, ಕೇಳಿದ ದಿನ ಹಿಂದಿರುಗಿಸಿ ಮತ್ತೆ ಸಹಮಂತ್ರಿಯ ಸ್ಥಾನದಲ್ಲಿ ಕುಳಿತ ಅವರ ನಡವಳಿಕೆಯನ್ನು ಮಾತ್ರ ಮೆಚ್ಚಬೇಕು. ಒಮ್ಮೆ ಏರಿದ ಪೀಠದಿಂದ ಇಳಿಯಲೊಲ್ಲದವರ ಕಥೆಗಳನ್ನು ನಾವೆಲ್ಲ ಬಲ್ಲೆವು.

ಸೋಲು ಮತ್ತು ಸೇಲಂ ಸಮ್ಮೇಳನ

1937ರ ಚುನಾವಣೆ ಬಿರುಗಾಳಿಯಂತೆ ಬಂದಿತು. 215 ಸ್ಥಾನಗಳ ವಿಧಾನಸಭೆಯಲ್ಲಿ ಕಾಂಗ್ರೆಸ್ಸು 159 ಸ್ಥಾನಗಳನ್ನು ಗೆದ್ದುಕೊಂಡಿತು. ಹದಿನೇಳು ವರ್ಷಗಳಲ್ಲಿ ಬಹುಪಾಲು ಕಾಲ ಅಧಿಕಾರದಲ್ಲಿದ್ದ ಜಸ್ಟಿಸ್ ಪಕ್ಷ ನೆಲಕಚ್ಚಿತು. ಬೊಬ್ಬಿಲಿಯ ರಾಜರೇ ವಿ. ವಿ. ಗಿರಿಯವರಿಗೆ ಸೋತರು. ಸ್ವಾತಂತ್ರ್ಯದ ಹಂಬಲ ಹಳ್ಳಿಹಳ್ಳಿಯಲ್ಲೂ ಹಬ್ಬಿದ್ದಾಗ, ಬ್ರಿಟಿಷ್ ಸರ್ಕಾರದ ಜೊತೆಗಿದ್ದು ಹಕ್ಕುಗಳನ್ನು ಪಡೆಯಬೇಕೆನ್ನುತ್ತಿದ್ದ ಪಕ್ಷಕ್ಕೆ ಜನ ಕಿವಿಗೊಡಲಿಲ್ಲ. ಈ ವಿಷಯದಲ್ಲಿ ಕಾಲದ ಕರೆಯನ್ನು ಅರಿಯದೆ ಹೋದದ್ದು ಪಕ್ಷದ ದೊಡ್ಡ ಕುಂದು.

ಅಧಿಕಾರ ಹೋದೊಡನೆ ಅರಮನೆಯವರೂ ಪಕ್ಷದಿಂದ ದೂರ ಸರಿದರು. 1938ರ ಡಿಸೆಂಬರಿನಲ್ಲಿ, ಹಿಂದಿ ವಿರೋಧಿ ಚಳವಳಿಗಾಗಿ ಸೆರೆಮನೆಯಲ್ಲಿದ್ದ ಪೆರಿಯಾರ್ ಇ. ವೆ. ರಾಮಸ್ವಾಮಿಯವರನ್ನು ಪಕ್ಷದ ಅಧ್ಯಕ್ಷರನ್ನಾಗಿ ಆರಿಸಲಾಯಿತು. ಅವರು ಮನೆಮಾತು ಕನ್ನಡವಾಗಿದ್ದ ಈರೋಡಿನ ವರ್ತಕ ಮನೆತನದವರೆಂಬುದು ಕನ್ನಡಿಗರಿಗೆ ತಿಳಿದ ವಿಷಯ. 1944ರ ಆಗಸ್ಟ್ 27ರಂದು ಸೇಲಂನಲ್ಲಿ ನಡೆದ ಸಮ್ಮೇಳನದಲ್ಲಿ ಪಕ್ಷದ ಹೆಸರನ್ನು ದ್ರಾವಿಡರ್ ಕಳಗಂ ಎಂದು ಬದಲಾಯಿಸಲಾಯಿತು. ಬ್ರಿಟಿಷ್ ಸರ್ಕಾರ ಕೊಟ್ಟ ಬಿರುದುಗಳನ್ನು ಸದಸ್ಯರು ತ್ಯಜಿಸಬೇಕು, ಚುನಾವಣೆಗಳಿಂದ ದೂರವಿರಬೇಕು ಎಂಬುದು ಅಲ್ಲಿನ ನಿಲುವು. ಈ ನಿರ್ಣಯವನ್ನು ಮಂಡಿಸಿದವರು ಸಿ. ಎನ್. ಅಣ್ಣಾದುರೈ.

ರಾಜನ್‌ರವರಿಗೂ ಇನ್ನು ಕೆಲವು ಹಳಬರಿಗೂ ಇದು ಒಪ್ಪಿಗೆಯಾಗಲಿಲ್ಲ. ಶಾಸನಸಭೆಯ ಮೂಲಕವೇ ಸಮಾಜದ ಸುಧಾರಣೆ ಸಾಧ್ಯವೆಂದು ನಂಬಿ ಇಪ್ಪತ್ತನಾಲ್ಕು ವರ್ಷ ದುಡಿದವರು ಅವರು. ಜೊತೆಗೆ ರಾಜನ್ ದೃಢ ಶಿವಭಕ್ತರು. ದೇವರನ್ನೇ ಅಲ್ಲಗಳೆಯುವ ಪೆರಿಯಾರರ ಮಾರ್ಗ ಅವರದಾಗಿರಲಿಲ್ಲ. ಅವರು ಹೊಸ ಹೆಸರನ್ನು ಒಪ್ಪದೆ ಹಳೆಯ ಹೆಸರಿನಲ್ಲಿಯೇ ಪಕ್ಷವನ್ನು ಮುಂದುವರಿಸಿದರು. ಮೊದಲು ಬಿ. ರಾಮಚಂದ್ರ ರೆಡ್ಡಿಯವರೂ ಅನಂತರ ರಾಜನ್‌ರವರೂ ಅದಕ್ಕೆ ನಾಯಕರಾದರು. ಜನರ ಬಹುದೊಡ್ಡ ಗುಂಪು ಪೆರಿಯಾರರ ಹಿಂದೆ ಹೋಯಿತು. ತಕ್ಕಡಿಯ ಬಾವುಟ ಬೆರಳೆಣಿಕೆಯ ಜನರ ಕೈಯಲ್ಲಿ ಉಳಿಯಿತು.

ಅವರಿಗೆ ಬೇರೆ ದಾರಿಗಳಿರಲಿಲ್ಲವೇ? ಖಂಡಿತ ಇದ್ದವು. ಸ್ವಾತಂತ್ರ್ಯ ಬರುವುದು ಖಚಿತವಾದ ಮೇಲೆ ಕಾಂಗ್ರೆಸ್ಸಿನ ವಿರೋಧಿಗಳಾಗಿದ್ದ ಎಷ್ಟೋ ಮಂದಿ ಗಣ್ಯರು ಖಾದಿಯನ್ನುಟ್ಟು ಆ ಪಕ್ಷವನ್ನು ಸೇರಿದರು. ರಾಜನ್‌ರವರಂತಹ ಅನುಭವಿಗೆ ಅಲ್ಲಿ ಸ್ಥಾನ ಸಿಗುವುದು ಕಷ್ಟವಾಗುತ್ತಿರಲಿಲ್ಲ. ರಾಜಕೀಯವನ್ನೇ ಬಿಟ್ಟು ಉತ್ತಮಪಾಳ್ಯದ ತೋಟಗದ್ದೆಗಳನ್ನು ನೋಡಿಕೊಂಡಿದ್ದರೂ ಯಾರೂ ಆಕ್ಷೇಪಿಸುತ್ತಿರಲಿಲ್ಲ. ಅವರು ಆ ಎರಡನ್ನೂ ಮಾಡಲಿಲ್ಲ.

ಸಭೆಯಲ್ಲಿ ಏಕಾಂಗಿ

ಸ್ವತಂತ್ರ ಭಾರತದ ಸಂವಿಧಾನದ ಪ್ರಕಾರ 1952ರಲ್ಲಿ ಮೊದಲ ಮಹಾಚುನಾವಣೆ ನಡೆಯಿತು. ಆಸ್ತಿಯ ಮಾತಿಲ್ಲ, ತೆರಿಗೆಯ ಲೆಕ್ಕವಿಲ್ಲ. ಇಪ್ಪತ್ತೊಂದು ವರ್ಷ ತುಂಬಿದ ಗಂಡಸು ಹೆಂಗಸು ಎಲ್ಲರಿಗೂ ಮತ. ಗದ್ದೆಯ ಒಡೆಯನಿಗೂ ಅದೇ ಗದ್ದೆಯಲ್ಲಿ ನಾಟಿ ಹಾಕುವ ಕೂಲಿ ಹೆಂಗಸಿಗೂ ಒಂದೊಂದೇ ಮತ. ಮದರಾಸು ವಿಧಾನಸಭೆಯ 375 ಸ್ಥಾನಗಳಿಗೆ ಜಸ್ಟಿಸ್ ಪಕ್ಷ ನಿಲ್ಲಿಸಲು ಸಾಧ್ಯವಾದದ್ದು ಒಂಬತ್ತೇ ಅಭ್ಯರ್ಥಿಗಳನ್ನು. ಅವರಲ್ಲಿ ಎಂಟು ಮಂದಿ ಸೋತರು. ಗೆದ್ದವರು ಕಂಬಂ ಕ್ಷೇತ್ರದಿಂದ ನಿಂತ ಅರುವತ್ತು ವರ್ಷದ ಪಿ. ಟಿ. ರಾಜನ್ ಒಬ್ಬರೇ.

ಈ ಗೆಲುವಿನ ಅರ್ಥವನ್ನು ನಾವು ಸರಿಯಾಗಿ ಗ್ರಹಿಸಬೇಕು. 1920ರಲ್ಲಿ ಅವರನ್ನು ಆರಿಸಿದವರು ಆಸ್ತಿವಂತರು. 1952ರಲ್ಲಿ ಆರಿಸಿದವರು ಕಣಿವೆಯ ಸಾಮಾನ್ಯ ಜನ. ಅರಮನೆಯವರ ಪಕ್ಷವೆಂದು ನಾಡೆಲ್ಲ ತಿರಸ್ಕರಿಸಿದ ಪಕ್ಷದ ಅಭ್ಯರ್ಥಿಗೆ, ಕಾಂಗ್ರೆಸ್ಸಿನ ಪ್ರಭಾವ ಉತ್ತುಂಗದಲ್ಲಿದ್ದಾಗ, ಇಲ್ಲಿನ ಜನ ತಮ್ಮ ಮತವನ್ನು ಕೊಟ್ಟರು. ಪಕ್ಷವನ್ನು ನೋಡಿ ಕೊಟ್ಟ ಮತವಾಗಿದ್ದರೆ ಉಳಿದ ಎಂಟು ಮಂದಿಯಲ್ಲಿ ಇನ್ನೊಬ್ಬರಾದರೂ ಗೆಲ್ಲಬೇಕಾಗಿತ್ತು. ಬಾಳಿನುದ್ದಕ್ಕೂ ಕಣ್ಣೆದುರಿಗಿದ್ದ ವ್ಯಕ್ತಿಯನ್ನು ನೋಡಿ ಕೊಟ್ಟ ಮತವಿದು ಎಂದೇ ತಿಳಿಯಬೇಕು.

ಒಮ್ಮೆ ಮುಖ್ಯಮಂತ್ರಿಯಾಗಿದ್ದವರು ಈಗ ಹಿಂದೆ ಮುಂದೆ ಯಾರೂ ಇಲ್ಲದ ಒಬ್ಬಂಟಿ ಸದಸ್ಯರಾಗಿ ಸಭೆಯಲ್ಲಿ ಕುಳಿತರು. ಅಂದಿನ ಸಭೆಯಲ್ಲಿ ಯಾವ ಪಕ್ಷಕ್ಕೂ ಬಹುಮತವಿರಲಿಲ್ಲ. 152 ಸ್ಥಾನಗಳ ಕಾಂಗ್ರೆಸ್ಸು ರಾಜಾಜಿಯವರ ಮುಂದಾಳುತನದಲ್ಲಿ ಸರ್ಕಾರ ರಚಿಸಿತು. ಒಂದೊಂದು ಮತಕ್ಕೂ ಬೆಲೆಯಿದ್ದ ಕಾಲವದು. ಚಿಕ್ಕ ಪಕ್ಷಗಳ ಕೆಲವು ನಾಯಕರು ಸರ್ಕಾರಕ್ಕೆ ಬೆಂಬಲ ಕೊಟ್ಟರು, ಮುಂದೆ ಮಂತ್ರಿಗಳೂ ಆದರು. ಎಂ. ಎ. ಮಾಣಿಕ್ಕವೇಲು ನಾಯ್ಕರ್, ಎಸ್. ಎಸ್. ರಾಮಸ್ವಾಮಿ ಪಡೆಯಾಚ್ಚಿ ಇದಕ್ಕೆ ಉದಾಹರಣೆ. ಮಂತ್ರಿಪದವಿಯ ರುಚಿಯನ್ನು ಎಂದೋ ಕಂಡಿದ್ದ ರಾಜನ್‌ರವರು ಆ ದಾರಿಯನ್ನು ತುಳಿಯಲಿಲ್ಲ.

ಅವರು ಸದಸ್ಯರಾಗಿದ್ದ ಆ ಐದು ವರ್ಷಗಳಲ್ಲಿಯೇ ಹಳೆಯ ಮದರಾಸು ಹರಿದು ಹಂಚಿಹೋಯಿತು. 1953ರ ಅಕ್ಟೋಬರಿನಲ್ಲಿ ಆಂಧ್ರ ಬೇರೆಯಾಯಿತು, ಬಳ್ಳಾರಿ ಮೈಸೂರಿಗೆ ಸೇರಿತು. 1956ರ ನವೆಂಬರ್ 1ರಂದು ದಕ್ಷಿಣ ಕನ್ನಡ ಮತ್ತು ಕೊಳ್ಳೇಗಾಲ ಮೈಸೂರಿಗೂ, ಮಲಬಾರ್ ಮತ್ತು ಕಾಸರಗೋಡು ಕೇರಳಕ್ಕೂ ಸೇರಿದವು. ನಮ್ಮ ಕಣಿವೆಯ ನೆತ್ತಿಯ ಮೇಲಿರುವ ದೇವಿಕುಳಂ, ಪೀರ್ಮೇಡು ಸೀಮೆಗಳು ತಮಿಳರ ಬೇಡಿಕೆಯಿದ್ದರೂ ಕೇರಳದಲ್ಲಿ ಉಳಿದವು. ನುಡಿಯ ಲೆಕ್ಕದಲ್ಲಿ ಗಡಿಗಳು ಬಿದ್ದಾಗ ನಮ್ಮಂತಹ ಚಿಕ್ಕ ನುಡಿಗುಂಪುಗಳು ಇದ್ದಲ್ಲಿಯೇ ಉಳಿದವು. ಐದು ನುಡಿಗಳ ಪ್ರಾಂತ್ಯವನ್ನು ಆಳಿದವರೂ, ಆ ಪ್ರಾಂತ್ಯದಲ್ಲಿ ಸಹಜವಾಗಿ ಕಲೆತಿದ್ದ ನಮ್ಮ ಹಿರಿಯರೂ ಒಂದೇ ದಿನ ಬೆಳಗಾಗುವಷ್ಟರಲ್ಲಿ ಅಲ್ಪಸಂಖ್ಯಾತರಾದರು. ಅವರು ಪಕ್ಷದಲ್ಲಿ, ಇವರು ನುಡಿಯಲ್ಲಿ.

1957ರೊಂದಿಗೆ ಅವರ ಶಾಸಕ ಜೀವನವೂ ಜಸ್ಟಿಸ್ ಪಕ್ಷದ ಚರಿತ್ರೆಯೂ ಮುಕ್ತಾಯವಾದವು. 1916ರಲ್ಲಿ ಹುಟ್ಟಿದ ಪಕ್ಷದ ಕೊನೆಯ ಅಧ್ಯಕ್ಷರೆಂಬ ಹೆಸರು ಅವರಿಗೆ ಉಳಿಯಿತು.

ದೇವಾಲಯ ಸೇವೆ

ರಾಜಕೀಯದಿಂದ ಹಿಂದೆ ಸರಿದ ಮೇಲೆ ರಾಜನ್‌ರವರು ತಮ್ಮ ಶಕ್ತಿಯನ್ನೆಲ್ಲ ದೈವಕಾರ್ಯಗಳಿಗೆ ಮೀಸಲಿಟ್ಟರು. 1950ರಲ್ಲಿ ಶಬರಿಮಲೆಯ ದೇವಾಲಯ ಬೆಂಕಿಗೆ ಆಹುತಿಯಾದ ಸಂಗತಿ ಭಕ್ತರಿಗೆಲ್ಲ ತಿಳಿದಿದೆ. ಆಮೇಲೆ ಅಲ್ಲಿ ಪ್ರತಿಷ್ಠಾಪನೆಗೊಂಡ ಅಯ್ಯಪ್ಪನ ಪಂಚಲೋಹದ ಮೂರ್ತಿ ರಾಜನ್‌ರವರು ಅರ್ಪಿಸಿದ್ದೆಂದೂ, ಬೆಟ್ಟ ಏರುವ ಮೊದಲು ಅದನ್ನು ತಮಿಳು ಸೀಮೆಯ ಊರುಗಳಲ್ಲಿ ಮೆರವಣಿಗೆ ಮಾಡಲಾಯಿತೆಂದೂ ನಮ್ಮ ಭಾಗದ ಜನ ಭಕ್ತಿಯಿಂದ ಸ್ಮರಿಸುತ್ತಾರೆ. ಶಬರಿಮಲೆಗೆ ಹೋಗುವ ಯಾತ್ರಿಕರು ಇಂದಿಗೂ ಕಂಬಂ, ಕುಮುಳಿಗಳ ಹಾದಿಯಲ್ಲೇ ಸಾಲುಸಾಲಾಗಿ ಸಾಗುತ್ತಾರೆ.

ಮಧುರೆಯ ಮೀನಾಕ್ಷಿ ಸುಂದರೇಶ್ವರ ದೇವಾಲಯದ ಜೀರ್ಣೋದ್ಧಾರ ಅವರ ಇನ್ನೊಂದು ಮಹತ್ಕಾರ್ಯ. ಆ ತಿರುಪ್ಪಣಿ ಸಮಿತಿಯ ನೇತೃತ್ವವನ್ನು ವಹಿಸಿ, ಗೋಪುರಗಳನ್ನು ದುರಸ್ತಿ ಮಾಡಿಸಿ, 1963ರಲ್ಲಿ ಕುಂಭಾಭಿಷೇಕವನ್ನು ನೆರವೇರಿಸಿದರು. ಬಣ್ಣಬಣ್ಣದ ಆ ಗೋಪುರಗಳನ್ನು ನೋಡಿ ಬೆರಗಾಗುವ ನಮ್ಮ ಮಕ್ಕಳಿಗೆ, ಈ ಕಾರ್ಯದ ಹಿಂದೆ ನಮ್ಮ ಕಣಿವೆಯ ಒಬ್ಬರ ಶ್ರಮವಿತ್ತೆಂದು ಉಪಾಧ್ಯಾಯರು ತಿಳಿಸಬೇಕು. ಬ್ರಾಹ್ಮಣೇತರ ಚಳವಳಿಯ ನಾಯಕರೊಬ್ಬರು ದೇವಾಲಯದ ಸೇವೆ ಮಾಡಿದ್ದನ್ನು ಕೆಲವರು ವಿಚಿತ್ರವೆಂದು ಭಾವಿಸುವುದುಂಟು. ಅವರು ಬೇಡಿದ್ದು ಎಲ್ಲ ವರ್ಗಗಳಿಗೂ ಪಾಲನ್ನು. ದೇವರನ್ನು ಬಿಡಬೇಕೆಂದು ಅವರು ಎಂದೂ ಹೇಳಿದವರಲ್ಲ. ಹೀಗಿರುವಾಗ ಅವರ ನಡೆಯಲ್ಲಿ ವಿರೋಧವೇನೂ ಕಾಣದು.

ತಮಿಳು ಜನ ಅವರನ್ನು ತಮಿಳವೇಳ್ ಎಂಬ ಬಿರುದಿನಿಂದ ಗೌರವಿಸಿದರು. 1967ರಲ್ಲಿ ಅಣ್ಣಾದುರೈಯವರು ಮುಖ್ಯಮಂತ್ರಿಗಳಾದರು. ಸೇಲಂನಲ್ಲಿ ಯಾರ ನಿರ್ಣಯದಿಂದ ರಾಜನ್ ಹೊರಗುಳಿದರೋ ಅವರೇ ಆಳುವ ಕಾಲವನ್ನು ಈ ಹಿರಿಯರು ಕಣ್ಣಾರೆ ಕಂಡರು. 1974ರಲ್ಲಿ, ತಮ್ಮ ಎಂಬತ್ತೆರಡನೆಯ ವಯಸ್ಸಿನಲ್ಲಿ, ಅವರು ದಿವಂಗತರಾದರು.

ಅವರ ಪುತ್ರ ಪಿ. ಟಿ. ಆರ್. ಪಳನಿವೇಲ್ ರಾಜನ್ ಅವರು ದ್ರಾವಿಡ ಮುನ್ನೇಟ್ರ ಕಳಗದ ಮುಖಂಡರಾಗಿ 1996ರಿಂದ 2001ರವರೆಗೆ ತಮಿಳುನಾಡು ವಿಧಾನಸಭೆಯ ಸಭಾಧ್ಯಕ್ಷರಾಗಿದ್ದರು. 2006ರಲ್ಲಿ ಮಂತ್ರಿಯಾದ ಕೆಲವೇ ದಿನಗಳಲ್ಲಿ ತೀರಿಕೊಂಡರು. ಮೊಮ್ಮಗ ಪಳನಿವೇಲ್ ತ್ಯಾಗರಾಜನ್ ಅವರು 2021ರಲ್ಲಿ ರಾಜ್ಯದ ಹಣಕಾಸು ಮಂತ್ರಿಯಾದರು. ತಾತನವರಿಗೆ ದ್ವಿಸರ್ಕಾರದ ಕಾಲದಲ್ಲಿ ಸಿಗದ ಬೊಕ್ಕಸದ ಬೀಗದ ಕೈ ಮೊಮ್ಮಗನಿಗೆ ಸಿಕ್ಕಿತೆನ್ನಬಹುದು.

ಎರಡು ಕಾಲುವೆಗಳು

ನಮ್ಮ ಜಿಲ್ಲೆಯಲ್ಲಿ ಪೆರಿಯಾರ್ ಅಣೆಕಟ್ಟಿನ ನೀರನ್ನು ಹೊತ್ತು ಹರಿಯುವ ಕಾಲುವೆಗಳಲ್ಲಿ ಒಂದಕ್ಕೆ ಪಿ. ಟಿ. ರಾಜನ್ ಅವರ ಹೆಸರಿದೆ. ಅದರ ಜೊತೆಯ ಇನ್ನೊಂದು ಕಾಲುವೆಗೆ ತಂದೈ ಪೆರಿಯಾರ್ ಎಂದು ಹೆಸರು. ಎರಡೂ ಸೇರಿ 5,146 ಎಕರೆ ಭೂಮಿಗೆ ನೀರುಣಿಸುತ್ತವೆ. ನೀರು ಬಿಡುವ ಸರ್ಕಾರದ ಆದೇಶದಲ್ಲಿ ಈ ಎರಡು ಹೆಸರುಗಳೂ ಅಕ್ಕಪಕ್ಕದಲ್ಲೇ ಬರುತ್ತವೆ. 1944ರಲ್ಲಿ ಸೇಲಂನಲ್ಲಿ ಬೇರೆ ಬೇರೆ ದಾರಿ ಹಿಡಿದವರು ಈಗ ಒಂದೇ ಮೂಲದ ನೀರನ್ನು ಎರಡು ಕಾಲುವೆಗಳಲ್ಲಿ ನಮ್ಮ ಹೊಲಗಳಿಗೆ ತಂದು ಸುರಿಯುತ್ತಿದ್ದಾರೆ. ಪೆರಿಯಾರರ ದಾರಿ ಗೆದ್ದಿತು, ರಾಜನ್‌ರವರ ದಾರಿ ಮುಗಿಯಿತು ಎಂದು ಚರಿತ್ರೆಯ ಪುಸ್ತಕಗಳು ಹೇಳುತ್ತವೆ. ಅದು ನಿಜವೂ ಹೌದು. ಆದರೆ ಗದ್ದೆಯಲ್ಲಿ ನಿಂತ ರೈತ ತನ್ನ ಮಡಿಗೆ ಬಂದ ನೀರು ಗೆದ್ದವನದೋ ಸೋತವನದೋ ಎಂದು ಕೇಳುವುದಿಲ್ಲ.

ಪಿ. ಟಿ. ರಾಜನ್ ದೋಷರಹಿತರೆಂದು ನಾನು ಹೇಳಲಾರೆ. ನಾಯಕನನ್ನು ಕೈಬಿಟ್ಟ ಕಳಂಕ, ಕಾಲದ ಗತಿಯನ್ನು ತಿಳಿಯದ ಪಕ್ಷದ ಪಾಲುದಾರಿಕೆ ಅವರ ಲೆಕ್ಕದಲ್ಲಿ ಇವೆ. ಆದರೆ ಮಂತ್ರಿಯಾಗಿದ್ದಾಗ ಅವರ ಸುತ್ತ ಇದ್ದ ನೂರಾರು ಜನ ಪಕ್ಷ ಕುಗ್ಗಿದಂತೆಲ್ಲ ಒಬ್ಬೊಬ್ಬರಾಗಿ ಹೊರಟುಹೋದರು. ಕೊನೆಯವರೆಗೂ ದೀಪ ಹಿಡಿದು ನಿಂತವರು ಇವರೊಬ್ಬರೇ. ದೊಡ್ಡ ಗುಂಪಿನಲ್ಲಿ ನಿಲ್ಲುವುದು ಸುಲಭ. ಗುಂಪು ಕರಗಿದ ಮೇಲೂ ತಾನು ಸರಿಯೆಂದು ನಂಬಿದ್ದರ ಬಳಿ ನಿಲ್ಲುವುದಕ್ಕೆ ಬೇರೆಯೇ ಬಗೆಯ ಎದೆಗಾರಿಕೆ ಬೇಕು.

ನೆರೆಹೊರೆಯೆಲ್ಲ ತಮಿಳಾಗಿರುವಲ್ಲಿ, ಬರೆಯಲು ಲಿಪಿಯನ್ನೂ ಮರೆತು ಬರಿಯ ಬಾಯಿಮಾತಿನಲ್ಲಿ ಕನ್ನಡವನ್ನು ಉಳಿಸಿಕೊಂಡ ಮನೆಗಳು ನಮ್ಮ ಕಣಿವೆಯಲ್ಲಿವೆ. ತಮಿಳನ್ನು ಕಲಿತು ಅದರಲ್ಲಿ ಬೆಳೆದು, ಆ ನಾಡಿಗೆ ನಿಷ್ಠರಾಗಿದ್ದುಕೊಂಡೇ ಅವರು ಅಜ್ಜಿಯ ಮಾತನ್ನು ಬಿಡಲಿಲ್ಲ. ಸಂಖ್ಯೆ ಚಿಕ್ಕದೆಂಬ ಕಾರಣಕ್ಕೆ ಒಂದು ನುಡಿಯನ್ನೋ ಒಂದು ನಂಬಿಕೆಯನ್ನೋ ಬಿಡಬೇಕಾಗಿಲ್ಲವೆಂಬುದಕ್ಕೆ ಅವರೇ ಸಾಕ್ಷಿ. ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿಗಳು ಊರು ಬಿಟ್ಟು ದೂರದ ಪಟ್ಟಣಗಳಲ್ಲಿ ನೆಲೆಸಿದ್ದಾರೆ. ಅವರ ಮಕ್ಕಳು ಮನೆಯಲ್ಲಿ ಯಾವ ಮಾತನ್ನು ಆಡುತ್ತಾರೆಂಬುದು ಸರ್ಕಾರದ ಕೈಯಲ್ಲಿಲ್ಲ, ಶಾಲೆಯ ಕೈಯಲ್ಲೂ ಇಲ್ಲ. ಅದು ಮನೆಯವರೇ ತೀರ್ಮಾನಿಸಬೇಕಾದ ಸಂಗತಿ. 375 ಜನರ ಸಭೆಯಲ್ಲಿ ಒಬ್ಬರೇ ಕುಳಿತು ತಮ್ಮ ಪಕ್ಷದ ಹೆಸರನ್ನು ಹೇಳಿಕೊಳ್ಳಲು ಸಂಕೋಚಪಡದ ಉತ್ತಮಪಾಳ್ಯದ ಆ ಹಿರಿಯರ ನೆನಪು ಅವರಿಗೆ ಬೆನ್ನಾಸರೆಯಾಗಲಿ.